ಅಯ್ನೋರ ಕಾರಿನ ಅಂಬಲಿ

ಮಧುಗಿರಿಯಿಂದ ಶಿರಾಕ್ಕೆ ನಲವತ್ತು ಕಿಲೋಮೀಟರ್, ಆಚೀಚೆ ಒಂದೆರಡು. ಅಷ್ಟು ದಾರಿಗೆ ಚನ್ನಮಲ್ಲಯ್ಯನವರ ಬಿಳಿ ಕಾರು ಆ ಶುಕ್ರವಾರ ಬೆಳಿಗ್ಗೆ ಏಳು ಬಾಟಲಿ ನೀರು ಕುಡಿಯಿತು. ಕುಡಿಸಿದವರು ಚನ್ನಮಲ್ಲಯ್ಯನವರು, ಎಣಿಸಿದವರು ಅವರ ಹೆಂಡತಿ ಸರೋಜಮ್ಮ. ಬಿಸಿಯ ಮುಳ್ಳು ಕೆಂಪಿನ ಹತ್ತಿರ ಬಂದಾಗಲೆಲ್ಲ ಹುಣಿಸೆ ಮರ ನೋಡಿ ಗಾಡಿ ನಿಲ್ಲಿಸುವುದು, ಬಾನೆಟ್ ಎತ್ತುವುದು, ಹಬೆ ಇಳಿಯುವ ತನಕ ಕಾಯುವುದು, ಒದ್ದೆ ಗೋಣಿತಾಟು ಹಾಕಿ ಮುಚ್ಚಳ ತಿರುಗಿಸುವುದು, ಸುರಿಯುವುದು. ಸರೋಜಮ್ಮ ಕೆಳಗಿಳಿಯಲಿಲ್ಲ. "ಬಿಸಿ ಎರಚ್ತದೆ, ನೀನು ಕೂತಿರು" ಎಂದು ಗಂಡ ಪ್ರತಿ ಸಲವೂ ಹೇಳಿದ್ದರು. ಖಾಲಿ ಬಾಟಲಿ ಈಸಿಕೊಂಡು ಅವರು ಕಾಲಬುಡದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು, ಸಾಕ್ಷಿಗಳನ್ನು ಸಾಲಿನಲ್ಲಿ ನಿಲ್ಲಿಸುವ ಹಾಗೆ.

"ಆರು" ಅಂದರು ಆರನೆಯದಕ್ಕೆ.

"ಎಣಿಸ್ಬೇಡ ಕಣೆ. ಎಣಿಸಿದ್ರೆ ದೃಷ್ಟಿ ಆಗ್ತದೆ."

"ಇದಕ್ಕೆ ದೃಷ್ಟಿ ಹಾಕೋರು ಯಾರು ರೀ? ಗುಜರಿಯೋನೂ ತಿರುಗಿ ನೋಡಲ್ಲ."

ಚನ್ನಮಲ್ಲಯ್ಯನವರು ಬಾನೆಟ್ ಇಳಿಸಿ ಗಾಡಿ ಚಾಲೂ ಮಾಡಿದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ಜಂಗಮರಾದ್ದರಿಂದ ಪಾವಗಡದ ಕಡೆಯ ಹಳ್ಳಿಗಳಲ್ಲಿ ಅವರ ಬಸ್ಸಿಗೆ 'ಅಯ್ನೋರ ಬಸ್ಸು' ಎಂದೇ ಹೆಸರಿತ್ತು. ಹಣೆಗೆ ವಿಭೂತಿ, ಮೈಮೇಲೆ ಖಾಕಿ, ಕೈಯಲ್ಲಿ ಸ್ಟಿಯರಿಂಗು. ನಿವೃತ್ತಿಯಾದ ಮೇಲೆ ಖಾಕಿ ಹೋಯಿತು, ವಿಭೂತಿ ಉಳಿಯಿತು. ಗೃಹಪ್ರವೇಶ, ನಾಮಕರಣ ಎಂದು ನಾಲ್ಕು ತಾಲ್ಲೂಕಿನಿಂದ ಕರೆ ಬರುತ್ತಿತ್ತು. ಸ್ವಂತ ಕಾರಿನಲ್ಲಿ ಹೋಗಿ ಪೂಜೆ ಮಾಡಿಸಿ ಬರುತ್ತಿದ್ದರು. ಪೂಜೆ ಒಂದು ನೆಪ, ನಿಜವಾದ ಸೇವೆ ಸ್ಟಿಯರಿಂಗಿಗೇ ಎಂದು ಸರೋಜಮ್ಮ ನೆಂಟರ ಮುಂದೆ ಹೇಳುವುದಿತ್ತು.

ಬಿಡುವಿದ್ದಾಗ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಗಾಡಿಗಳ ರೋಗ ಹೇಳುವುದು ಅವರ ಇನ್ನೊಂದು ವೃತ್ತಿ. ಬಾನೆಟ್ ಎತ್ತುವ ಅಗತ್ಯವೇ ಇರಲಿಲ್ಲ, ಬರೀ ಕಿವಿ ಸಾಕು. ಎಲ್ಲ ಗಾಡಿಗೂ ಸೇರಿ ಅವರು ಕಂಡುಹಿಡಿದಿದ್ದ ರೋಗ ಒಂದೇ: "ಓಡ್ಸೋನು ಸರಿಯಿಲ್ಲ."

ಹೀಗಿದ್ದವರ ಗಾಡಿಯೇ ಒಂದು ತಿಂಗಳಲ್ಲಿ ಮೂರು ಸಲ ನಿಂತಿತು.

ಮೊದಲನೆಯದು ಕೊರಟಗೆರೆಯಿಂದ ಬರುವಾಗ. ಸರೋಜಮ್ಮನ ತೊಡೆಯ ಮೇಲೆ ಬೀಗರು ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿ. "ಏನೋ ಸಿಹಿ ವಾಸನೆ ಬರ್ತಿದೆಯಲ್ಲ" ಅಂದಿದ್ದರು ಆಕೆ. "ನಿನ್ನ ಹೋಳಿಗೇದು" ಅಂದಿದ್ದರು ಈತ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಎರಡನೆಯದು ಮಿಡಿಗೇಶಿ ದಾಟಿದ ಮೇಲೆ. ಮೂರನೆಯದು ಮಧುಗಿರಿಯಲ್ಲೇ, ಹಗಲು ಹನ್ನೊಂದು ಗಂಟೆಗೆ, ಕೋರ್ಟಿನ ಗೇಟಿನ ಎದುರಿಗೆ. ಹತ್ತು ಜನ ವಕೀಲರು ಸುತ್ತ ನಿಂತು ಹದಿನೈದು ಅಭಿಪ್ರಾಯ ಕೊಟ್ಟರು. ಹಿಂದೆ ಬಂದ ಸರಕಾರಿ ಬಸ್ಸಿನ ಡ್ರೈವರ್, ಒಂದು ಕಾಲದಲ್ಲಿ ಇವರ ಕೈಕೆಳಗೆ ಪಳಗಿದವನು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ ಗುರುಗಳೇ, ಓಡ್ಸೋನು ಸರಿಯಿಲ್ವಾ?" ಎಂದು ಕೇಳಿ ಹೋದ.

ಅವತ್ತು ಸಂಜೆ ಸರೋಜಮ್ಮ ತೀರ್ಪು ಕೊಟ್ಟರು. ಬರುವ ಭಾನುವಾರ ಪಾವಗಡದ ಆಚೆಯ ರಾಯಚರ್ಲಿನಲ್ಲಿ ಅವರ ತಂಗಿಯ ಹೊಸ ಮನೆಯ ಗೃಹಪ್ರವೇಶ. ಪೂಜೆ ಮಾಡಿಸುವವರು ಚನ್ನಮಲ್ಲಯ್ಯನವರೇ. ಹತ್ತೂವರೆಗೆ ಹಾಲು ಉಕ್ಕಬೇಕು. ಕಾರು ಅಲ್ಲಿಯ ತನಕ ಎಲ್ಲೂ ನಿಲ್ಲದೆ ಹೋದರೆ ಸರಿ. ನಿಂತರೆ, ಕೀ ಮಗಳು ಲೋಹಿತಾ ಕೈಗೆ. ಕೊರಟಗೆರೆಯ ಕಾಲೇಜಿನಲ್ಲಿ ಪಾಠ ಹೇಳುವ ಲೋಹಿತಾ ಫೋನಿನಲ್ಲಿ ಅಮ್ಮನ ತೀರ್ಪಿಗೆ ಸಹಿಯನ್ನೂ ಹಾಕಿದಳು: "ಅಪ್ಪಾಜಿ, ನಿಮಗೆ ಬಸ್ ಪಾಸ್ ಇದೆಯಲ್ಲ. ಆರಾಮಾಗಿ ಕಿಟಕಿ ಪಕ್ಕ ಕೂತ್ಕೊಂಡು ಹೋಗ್ಬೌದು."

ಕಿಟಕಿ ಪಕ್ಕ! ಒಂದೇ ಒಂದು ಸಲ ಅವರು ಹಾಗೆ ಕೂತು ತುಮಕೂರಿಗೆ ಹೋಗಿದ್ದರು. ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಬಲಗಾಲಲ್ಲಿ ಒತ್ತಿ ಒತ್ತಿ, ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತ್ತು. ಆ ಕೀ ಕೈಬಿಟ್ಟರೆ ಇನ್ನು ಉಳಿದ ಆಯುಷ್ಯವೆಲ್ಲ ಹಾಗೇ ಎಂದು ಅವರಿಗೆ ಗೊತ್ತಿತ್ತು.

ಅಷ್ಟೇ ಆಗಿದ್ದರೆ ಮಧುಗಿರಿಯಲ್ಲೇ ಯಾವುದಾದರೂ ಗ್ಯಾರೇಜಿಗೆ ಬಿಡಬಹುದಿತ್ತು. ಊರಿನಲ್ಲಿ ಗ್ಯಾರೇಜಿಗೇನು ಬರವೇ? ಆದರೆ ಗಾಡಿಯೊಳಗೆ ಒಂದು ಗುಟ್ಟಿತ್ತು.

ಎರಡನೇ ಸಲ ನಿಂತ ಮಾರನೆಯ ದಿನ ಚನ್ನಮಲ್ಲಯ್ಯನವರಿಗೆ ದೊಡ್ಡರಂಗಪ್ಪನ ನೆನಪಾಗಿತ್ತು. ದೊಡ್ಡರಂಗಪ್ಪ ಅವರಿಗಿಂತ ಹಿರಿಯ ಡ್ರೈವರು, ಈಗ ಇಲ್ಲ. ರೇಡಿಯೇಟರ್ ಸೋರಿದರೆ ಡಿಪೋ ಮುಟ್ಟುವ ತನಕ ತಡೆಯಲಿಕ್ಕೆ ಆತ ಒಂದು ಚಿಟಿಕೆ ರಾಗಿಹಿಟ್ಟು ಹಾಕುತ್ತಿದ್ದ. ಹಿಟ್ಟು ಬೆಂದು ತೂತಿಗೆ ಮೆತ್ತಿಕೊಳ್ಳುತ್ತಿತ್ತು. ಚಿಟಿಕೆಗೇ ಅಷ್ಟು ಗುಣವಿದ್ದರೆ ಒಂದು ಪಾವಿಗೆ ಎಷ್ಟಿರಬೇಡ? ಸರೋಜಮ್ಮ ಸ್ನಾನಕ್ಕೆ ಹೋಗಿದ್ದಾಗ ಡಬ್ಬದಿಂದ ಒಂದು ಪಾವು ಹಿಟ್ಟು ರೇಡಿಯೇಟರಿಗೆ ಹೋಯಿತು. ಎರಡು ದಿನ ಗಾಡಿ ಕುದಿಯಲಿಲ್ಲ. ಮೂರನೆಯ ದಿನ ಮುಳ್ಳು ಎದ್ದಿತು, ಇನ್ನೊಂದು ಪಾವು ಹೋಯಿತು. ಕೋರ್ಟಿನ ಮುಂದೆ ಮಾನ ಹೋದ ದಿನ ಮೂರನೆಯದು.

ಇತ್ತ ಸರೋಜಮ್ಮ ಡಬ್ಬ ತೆಗೆದು ನೋಡಿದರೆ, ಕುತ್ತಿಗೆಯ ತನಕ ಇರಬೇಕಾದ ಹಿಟ್ಟು ನಾಲ್ಕು ಬೆರಳು ಕೆಳಗೆ. ಗಂಡನ ಮೇಲೆ ಅನುಮಾನ ಬರಲು ಕಾರಣವಿರಲಿಲ್ಲ, ಹಸಿ ಹಿಟ್ಟು ತಿನ್ನುವ ಚಾಳಿ ಆತನಿಗಿಲ್ಲ. ಸೀದಾ ಫ್ಲೋರ್ ಮಿಲ್ಲಿಗೆ ಹೋಗಿ, "ಹತ್ತು ಸೇರಿಗೆ ಒಂದು ಸೇರು ಹೊಡೆದ್ರೆ ಹೆಂಗಪ್ಪಾ ಚಿಕ್ಕರಂಗಯ್ಯ?" ಎಂದು ನಾಲ್ಕು ಜನರ ಮುಂದೆ ಕೇಳಿ ಬಂದಿದ್ದರು. ಇಪ್ಪತ್ತು ವರ್ಷದಿಂದ ಇವರ ರಾಗಿ ಬೀಸಿಕೊಟ್ಟಿದ್ದ ಚಿಕ್ಕರಂಗಯ್ಯ ಬೆಲ್ಟ್ ಬಿಚ್ಚಿ ಮಿಷನ್ ನಿಲ್ಲಿಸಿದನಂತೆ. ಈ ಕತೆಯನ್ನು ಊಟ ಬಡಿಸುತ್ತಾ ಆಕೆ ಹೇಳಿದಾಗ ಚನ್ನಮಲ್ಲಯ್ಯನವರು ಮುದ್ದೆಯನ್ನು ಎಂದಿಗಿಂತ ನಿಧಾನವಾಗಿ ಮುರಿದರು.

ಆದ್ದರಿಂದ ಶಿರಾ. ಶಿರಾದ ಶಫೀವುಲ್ಲಾ ಹಳೆಯ ಗೆಳೆಯ. ಬಸ್ಸಿನ ಕಾಲದಲ್ಲಿ ದಾರಿಯಲ್ಲಿ ಬೆಲ್ಟು ಹರಿದರೆ ಓಡಿ ಬರುತ್ತಿದ್ದ ಮೆಕ್ಯಾನಿಕ್ಕು. ಅವನ ಬಾಯಿಯಿಂದ ಮಾತು ಮಧುಗಿರಿ ಮುಟ್ಟಲು ನಲವತ್ತು ಕಿಲೋಮೀಟರ್ ಬರಬೇಕು. ಸರೋಜಮ್ಮ ಮಾತ್ರ, "ಮೆಕ್ಯಾನಿಕ್ಕು ಹೇಳಿದ್ದನ್ನ ನೀವು ಮನೇಲಿ ಬಂದು ಹೇಳೋ ಹೊತ್ತಿಗೆ ಅದು ಬೇರೇನೇ ಆಗಿರ್ತದೆ" ಎಂದು ತಾವೂ ಹೊರಟು ಬಂದರು.

*

ಗ್ಯಾರೇಜು ಊರ ಹೊರಗೆ, ಹಿಂದೆಯೇ ಮನೆ. ಕನ್ನಡಕದ ಎರಡು ಕಾಲಿಗೂ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಶಫೀವುಲ್ಲಾ ಎದ್ದು ಬಂದ.

"ಬನ್ನಿ ಅಯ್ನೋರೆ! ಅಮ್ಮಾವ್ರೂ ಬಂದವ್ರೆ! ಏನು, ಗಾಡಿ ಉಸಿರಾಡೋದು ದೂರದಿಂದ್ಲೇ ಕೇಳ್ತು?"

"ಸ್ವಲ್ಪ ನೀರು ಕುಡೀತದೆ ಕಣೋ ಶಫೀ."

"ಸ್ವಲ್ಪ" ಎಂದು ಸರೋಜಮ್ಮ ಬಾಗಿಲು ತೆರೆದರು. ಏಳು ಖಾಲಿ ಬಾಟಲಿಗಳು ಒಂದರ ಹಿಂದೆ ಒಂದು ಉರುಳಿ ಶಫೀವುಲ್ಲಾನ ಕಾಲ ಹತ್ತಿರ ಹೋದವು.

ಒಳಗಿನಿಂದ ಶಫೀವುಲ್ಲಾನ ಹೆಂಡತಿ ಜಹೀದಾ ಕರೆದಳು. ಸರೋಜಮ್ಮ ಮನೆಯೊಳಗೆ ಹೋದರು. ಚನ್ನಮಲ್ಲಯ್ಯನವರಿಗೆ ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು. ಅಷ್ಟರಲ್ಲಿ ಇನ್ನೊಂದು ಬಂತು. ಶಫೀವುಲ್ಲಾನ ಮಗಳು ಶಾಜಿಯಾ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಅಪ್ಪನ ಜೊತೆ ಕೆಲಸಕ್ಕೆ ನಿಂತಿದ್ದಳು. ದುಪಟ್ಟಾ ಸೊಂಟಕ್ಕೆ ಬಿಗಿದು, ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು, ಆಸ್ಪತ್ರೆಯ ಡಾಕ್ಟರಂತೆ ವಿಚಾರಣೆ ಶುರು ಮಾಡಿದಳು.

"ಎಷ್ಟು ದಿನದಿಂದ ಅಂಕಲ್?"

"ಒಂದು ತಿಂಗಳು."

"ನಿಲ್ಲಿಸಿದ ಜಾಗದಲ್ಲಿ ನೆಲದ ಮೇಲೆ ತೊಟ್ಟಿಕ್ಕಿದ್ದು ಏನಾದ್ರೂ?"

"ಒಂದು ಹನಿ ಇಲ್ಲ ಕಣಮ್ಮ. ಅದೇ ಆಶ್ಚರ್ಯ."

"ಸೈಲೆನ್ಸರಲ್ಲಿ ಬಿಳಿ ಹೊಗೆ?"

"ಇಲ್ಲ."

"ಕೂಲೆಂಟ್ ಏನು ಹಾಕ್ತೀರಾ?"

"ಮೊದಲು ಹಸಿರುದು ಹಾಕಿದ್ದೆ. ಆಮೇಲೆ ನೀರು."

"ಬರೀ ನೀರಾ?"

ಇಲ್ಲಿ ಚನ್ನಮಲ್ಲಯ್ಯನವರು ಗಾಳಿಯಲ್ಲಿ ಏನನ್ನೋ ಹುಡುಕುವವರಂತೆ ಮೇಲೆ ನೋಡಿದರು. "ನೀರು ಅಂದ್ರೆ ನೀರೇ ಕಣಮ್ಮ" ಎಂದು, ಅದು ಹಸಿ ಸುಳ್ಳಾಗದ ಹಾಗೂ ನೋಡಿಕೊಂಡು ಹೇಳಿದರು. ತಮ್ಮ ಹುರುಪು ತೋರಿಸಲು ಮುಚ್ಚಳಕ್ಕೆ ಕೈಹಾಕಿದರು.

"ಕೈ ತೆಗೀರಿ ಅಂಕಲ್! ಒಳಗೆ ಪ್ರೆಶರ್ ಇರ್ತದೆ, ಮುಖ ಬೆಂದು ಹೋಗ್ತದೆ."

"ಮೂವತ್ತೊಂದು ವರ್ಷ—"

"ಬಿಸಿನೀರಿಗೆ ಸರ್ವೀಸ್ ಬುಕ್ ಓದೋಕೆ ಬರಲ್ಲ."

ಶಫೀವುಲ್ಲಾ ಕೆಮ್ಮಿದಂತೆ ಮಾಡಿ ನಕ್ಕ. ಅರ್ಧ ಗಂಟೆ ಎಂಜಿನ್ ಆರಲು ಬಿಟ್ಟರು. ಆಮೇಲೆ ಶಾಜಿಯಾ ಮುಚ್ಚಳ ತೆಗೆದಳು, ಅಪ್ಪ ಬಗ್ಗಿ ನೋಡಿದ. ನೋಡಿದವನು ಹಾಗೇ ನಿಂತ. ಮುಚ್ಚಳದ ಒಳಮೈಗೆ, ರೇಡಿಯೇಟರಿನ ಬಾಯಿಗೆ, ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆಲ್ಲ ಕಂದು ಬಣ್ಣದ ಗಟ್ಟಿ ಕೆಸರು.

"ಯಾ ಅಲ್ಲಾ" ಅಂದ ಶಫೀವುಲ್ಲಾ. "ಹೋಯ್ತು ಅಯ್ನೋರೆ. ಆಯಿಲು ನೀರು ಮಿಕ್ಸ್ ಆಗಿದೆ. ಹೆಡ್ ಗ್ಯಾಸ್ಕೆಟ್ ಖತಂ."

ಎಂಜಿನ್ನಿನ ತಲೆಗೂ ಮೈಗೂ ನಡುವೆ ಒಂದು ತೆಳು ಹಾಳೆ ಇರುತ್ತದೆ. ಅದು ಸುಟ್ಟರೆ ಎಣ್ಣೆಯ ದಾರಿಯೂ ನೀರಿನ ದಾರಿಯೂ ಒಂದಾಗಿ, ಎರಡೂ ಕಲಸಿ ಹೀಗೇ ಕಂದು ಕೆಸರಾಗುತ್ತದೆ. ಇದು ಚನ್ನಮಲ್ಲಯ್ಯನವರಿಗೂ ಗೊತ್ತಿತ್ತು. ಆ ಕೆಸರು ಯಾವುದು ಎನ್ನುವುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

"ಎಷ್ಟು ದಿನ ಆಗ್ತದೆ?" ಎಂದು ಕೇಳಿದರು.

"ಎಂಜಿನ್ ಬಿಚ್ಚಬೇಕು. ಹೆಡ್ಡನ್ನ ತುಮಕೂರಿಗೆ ಲೇತಿಗೆ ಕಳಿಸ್ಬೇಕು. ಎಂಟು ದಿನ ಇಟ್ಕೊಳಿ."

ಭಾನುವಾರಕ್ಕೆ ಎರಡು ದಿನ.

ಶಾಜಿಯಾ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಬಟ್ಟೆಯಲ್ಲಿ ಒರೆಸಿ ನೋಡಿ ಅಪ್ಪನ ಕಡೆ ತಿರುಗಿದಳು. "ಅಬ್ಬಾ, ಎಂಜಿನ್ ಆಯಿಲ್ ಸಾಫ್ ಇದೆ. ನೀರು ಸೇರಿದ್ರೆ ಹಾಲು ಹಾಕಿದ ಕಾಫಿ ಥರ ಇರ್ಬೇಕಿತ್ತಲ್ಲ?"

"ಇನ್ನೂ ಆ ಕಡೆ ಹೋಗಿಲ್ಲ ಅಷ್ಟೇ ಬೇಟಾ. ಕಣ್ಣೆದುರಿಗೆ ಕಾಣ್ತಿದೆಯಲ್ಲ" ಎಂದು ಶಫೀವುಲ್ಲಾ ಸ್ಪ್ಯಾನರ್ ಎತ್ತಿಕೊಂಡ. ನಲವತ್ತು ವರ್ಷದ ಕಣ್ಣು ಎರಡು ವರ್ಷದ ಡಿಪ್ಲೊಮಾದ ಮಾತು ಕೇಳುವುದುಂಟೆ?

ಮೊದಲನೇ ಬೋಲ್ಟು ಕಿರ್ರೆಂದು ಬಿಚ್ಚಿ ತಟ್ಟೆಗೆ ಬಿತ್ತು. ಚನ್ನಮಲ್ಲಯ್ಯನವರು ಲೆಕ್ಕ ಹಾಕಿದರು. ಹೇಳಿದರೆ, ಶಿರಾ ಸ್ಟ್ಯಾಂಡಿನಿಂದ ಪಾವಗಡದ ಸ್ಟ್ಯಾಂಡಿನ ತನಕ ಸ್ಟಿಯರಿಂಗ್ ಹಿಡಿದವರೆಲ್ಲ ನಗುತ್ತಾರೆ. ಹೇಳದಿದ್ದರೆ ಎಂಜಿನ್ ಇಳಿಯುತ್ತದೆ, ಭಾನುವಾರ ಬಸ್ಸು, ಕಿಟಕಿ ಪಕ್ಕ. ಎರಡನೇ ಬೋಲ್ಟು ಬಿತ್ತು. ಒಳಗೆ ಏನೂ ಇಲ್ಲವೆಂದು ಕಂಡರೆ ಶಫೀ ತಾನೇ ಮುಚ್ಚಬಹುದಲ್ಲ? ಮೂರನೆಯದು. ಮುಚ್ಚಿದರೂ ಮತ್ತೆ ಕುದಿಯುತ್ತದಲ್ಲ?

ಈ ನಡುವೆ ಶಾಜಿಯಾ ಒಂದು ಗ್ಲೌಸು ಬಿಚ್ಚಿ, ಕೆಸರನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿದಳು. "ಆಯಿಲಾದ್ರೆ ಜಾರ್ಬೇಕಿತ್ತು. ಇದು ಅಂಟ್ತಿದೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಮೂಸಿದಳು. ಆಮೇಲೆ ಚನ್ನಮಲ್ಲಯ್ಯನವರ ಮುಖವನ್ನು ನೋಡಿದಳು. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ಹುಡುಕುತ್ತಿದ್ದರು.

"ಬೇಟಾ, ಲೇತಿನವನಿಗೆ ಫೋನ್ ಮಾಡು. ಹೆಡ್ ಬರ್ತದೆ ಅನ್ನು."

ಶಾಜಿಯಾ ಫೋನ್ ತೆಗೆದಳು. ಅವರ ಮುಖದಿಂದ ಕಣ್ಣು ಕೀಳದೆ, ಒಂದೊಂದೇ ನಂಬರನ್ನು ಬಲು ಸಾವಕಾಶವಾಗಿ ಒತ್ತಿದಳು.

"ಫೋನ್ ಇಡು ತಾಯಿ" ಅಂದರು ಚನ್ನಮಲ್ಲಯ್ಯನವರು.

ಶಫೀವುಲ್ಲಾ ತಲೆ ಎತ್ತಿದ.

"ಅದು ಆಯಿಲ್ ಅಲ್ಲ ಕಣೋ ಶಫೀ."

"ಮತ್ತೇನು?"

ಮನೆಯ ಬಾಗಿಲ ಕಡೆ ಒಂದು ಸಲ ನೋಡಿ, ಮಂತ್ರೋಪದೇಶ ಮಾಡುವವರಂತೆ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದರು. "ರಾಗಿಹಿಟ್ಟು."

ಶಫೀವುಲ್ಲಾ ಹಿಂದಿದ್ದ ಟೈರಿನ ಮೇಲೆ ಕೂತುಬಿಟ್ಟ. "ಎಷ್ಟು?"

"ಮುಕ್ಕಾಲು ಸೇರು. ದೊಡ್ಡರಂಗಪ್ಪ ಹೇಳ್ತಿದ್ದ."

"ದೊಡ್ಡರಂಗಪ್ಪ ಚಿಟಿಕೆ ಹಾಕ್ತಿದ್ದ ಅಯ್ನೋರೆ! ಅದೂ ಬಸ್ಸಿಗೆ! ನೀವು ಒಂದು ಮನೆ ಉಣ್ಣೋವಷ್ಟು ಹಾಕಿದೀರಲ್ಲ! ಇನ್ನೊಂದು ಡಬ್ಬಿಗೆ ಬಸ್ಸಾರು ಹಾಕಿದ್ರೆ ದಾರೀಲಿ ಹೋಟ್ಲು ಇಡ್ಬೌದಿತ್ತು." ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನಾನು ಹೆಡ್ ಬಿಚ್ಚಿಬುಡ್ತಿದ್ದೆ! ನಾಲ್ಕು ಬೋಲ್ಟು ಬಿಚ್ಚೋ ತನಕ ಹೆಂಗೆ ಸುಮ್ಕಿದ್ರಿ?"

"ಮೂರೇ."

"ಅಂಕಲ್ ಧೈರ್ಯ ಮೂರು ಬೋಲ್ಟಿಂದು ಅಬ್ಬಾ" ಅಂದಳು ಶಾಜಿಯಾ ಅಪ್ಪನಿಗೆ.

"ನಗ್ರಪ್ಪಾ, ನಗ್ರಿ. ಸರೋಜಂಗೆ ಮಾತ್ರ ಹೇಳ್ಬೇಡಿ. ಅವಳು ಮಿಲ್ಲಿನ ಚಿಕ್ಕರಂಗಯ್ಯನ್ನ ಕಳ್ಳ ಅಂದು ಬಂದವಳೆ."

"ಖುದಾ ಕಸಂ, ನನ್ನ ಬಾಯಿಂದ ಬರಲ್ಲ" ಎಂದು ಶಫೀವುಲ್ಲಾ ಬಿಚ್ಚಿದ ಬೋಲ್ಟುಗಳನ್ನು ಮತ್ತೆ ಹಾಕಿದ.

ಮಾತು ಉಳಿಸಿಕೊಂಡ ಎಂದೇ ಹೇಳಬೇಕು. ಬಾಯಿಯಿಂದ ಬರಲಿಲ್ಲ. ರೇಡಿಯೇಟರ್ ಬಿಚ್ಚಿ ಕೆಳಗಿನ ಪೈಪು ಕಿತ್ತಾಗ ಬಕೀಟಿಗೆ ಬಿತ್ತು. ಮೊದಲು ತಿಳಿ, ಆಮೇಲೆ ಗಟ್ಟಿ, ಆಮೇಲೆ ಬುಳಕ್ ಬುಳಕ್ ಎಂದು ಉಂಡೆ ಉಂಡೆ. ಸರಿಯಾಗಿ ಅದೇ ಹೊತ್ತಿಗೆ ಸರೋಜಮ್ಮ ಟೀ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದರು. ತಟ್ಟೆಯನ್ನು ಟೈರಿನ ಮೇಲಿಟ್ಟರು. ಬಕೀಟಿನ ಹತ್ತಿರ ಹೋದರು. ಅಲ್ಲೇ ಬಿದ್ದಿದ್ದ ಒಂದು ಕೋಲು ತೆಗೆದುಕೊಂಡು ಒಂದು ಸುತ್ತು ತಿರುವಿದರು. ನಲವತ್ತು ವರ್ಷ ದಿನಕ್ಕೆರಡು ಹೊತ್ತು ತಿರುವಿದ ಕೈ. ಯಾವ ಡಿಪ್ಲೊಮಾವೂ ಬೇಕಿರಲಿಲ್ಲ.



"ಗಂಟು ಕಟ್ಟಿದೆ" ಅಂದರು ಸರೋಜಮ್ಮ. "ಎಸರು ಕುದಿಯೋಕೆ ಮುಂಚೆ ಹಿಟ್ಟು ಸುರಿದ್ರೆ ಹಿಂಗೇ ಆಗೋದು."

ಕೋಲನ್ನು ಬಕೀಟಿನ ಅಂಚಿಗೆ ಎರಡು ಸಲ ತಟ್ಟಿ, ಮೊದಲಿದ್ದ ಜಾಗದಲ್ಲೇ ಇಟ್ಟು, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಮತ್ತೆ ಒಳಗೆ ಹೋಗಲಿಲ್ಲ.

*

ಅಂಬಲಿ ಹೋದರೂ ರೋಗ ಹಾಗೇ ಇತ್ತು. ಮೊದಲು ನೀರು ಯಾಕೆ ಕಮ್ಮಿಯಾಗುತ್ತಿತ್ತು ಎನ್ನುವುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಒಂದೂವರೆ ಗಂಟೆ ನಲ್ಲಿಯ ಪೈಪು ಹಿಡಿದು, ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ತೊಳೆದರು. ಬಿಸಿಯಾದಾಗ ತಾನೇ ತೆರೆದುಕೊಂಡು ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ಹಿಟ್ಟು ಮೆತ್ತಿ ಮುಚ್ಚಿಕೊಂಡಿತ್ತು. ಶಾಜಿಯಾ ಅದನ್ನು ಕೆರೆದು, ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಕುದಿಸಬೇಕೆಂದಳು. ಜಹೀದಾ ಒಂದು ಹಳೆಯ ಟೀ ಪಾತ್ರೆ ಕೊಟ್ಟು, "ವಾಪಸ್ ಬೇಡ" ಎಂದು ಬಾಗಿಲು ಹಾಕಿಕೊಂಡಳು. ನೀರು ಕುದಿ ಬರುವ ಹೊತ್ತಿಗೆ ಆ ಪುಟ್ಟ ಬಾಗಿಲು ಮೆಲ್ಲಗೆ ಬಾಯಿ ತೆರೆಯಿತು.

"ನೋಡಿ ಆಂಟಿ, ಬದುಕಿದೆ."

"ಬಾಯಿ ತೆರೆಯೋಕೆ ಇಷ್ಟು ಬಿಸಿ ಬೇಕು ಅನ್ನು" ಎಂದು ಸರೋಜಮ್ಮ ಗಂಡನ ಕಡೆ ನೋಡಿದರು. "ನಮ್ಮನೇಲೂ ಒಂದಿದೆ."

ರೇಡಿಯೇಟರನ್ನು ಕೂರಿಸಿ ನೀರು ತುಂಬಿದ ಮೇಲೆ ಶಾಜಿಯಾ ತನ್ನ ಸ್ವಂತ ಉಪಕರಣ ತಂದಳು. ಹಳೆಯ ರೇಡಿಯೇಟರ್ ಮುಚ್ಚಳವೊಂದಕ್ಕೆ ತೂತು ಕೊರೆದು, ಸೈಕಲ್ ಟ್ಯೂಬಿನ ವಾಲ್ವು ಕೂರಿಸಿ, ಪಕ್ಕದಲ್ಲಿ ಒಂದು ಪ್ರೆಶರ್ ಮೀಟರ್ ಬೆಸೆದಿದ್ದಳು. ಮುಚ್ಚಳ ಹಾಕಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವುದು. ಗಾಡಿ ಓಡುವಾಗ ಒಳಗೆ ಎಷ್ಟು ಒತ್ತಡವೋ ಅಷ್ಟು ಬಂದಾಗ, ಎಲ್ಲಿ ಬಾಯಿದೆಯೋ ಅಲ್ಲಿ ತಾನೇ ಹೇಳುತ್ತದೆ.

"ಅಂಕಲ್, ಪಂಪ್ ನೀವು ಹೊಡೀರಿ. ಪಾಪ ಪರಿಹಾರ ಆಗ್ಲಿ."

ಚನ್ನಮಲ್ಲಯ್ಯನವರು ಪಂಚೆ ಎತ್ತಿ ಕಟ್ಟಿ ಪಂಪು ಹೊಡೆದರು. ಮುಳ್ಳು ಏರಿತು, ಒಂದು ಗಳಿಗೆ ನಿಂತಿತು, ಮೆಲ್ಲಗೆ ಇಳಿಯತೊಡಗಿತು. "ಯಾರೂ ಮಾತಾಡ್ಬೇಡಿ" ಅಂದಳು ಶಾಜಿಯಾ. ಎಲ್ಲರೂ ಕಿವಿಯಾದರು. ಕಿವಿಯಲ್ಲೇ ರೋಗ ಹೇಳುವ ಚನ್ನಮಲ್ಲಯ್ಯನವರು ರೇಡಿಯೇಟರಿನ ಎಡಮೂಲೆಗೆ ಬೆರಳು ತೋರಿಸಿದರು. ಶಾಜಿಯಾ ಕೈಗನ್ನಡಿ, ಫೋನಿನ ಬೆಳಕು ಹಿಡಿದು ಎಂಜಿನ್ನಿನ ಹಿಂಭಾಗಕ್ಕೆ ಬಗ್ಗಿದಳು.

"ಸಿಕ್ತು!"

ಎಂಜಿನ್ನಿನ ಬೆನ್ನ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ, ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಪೈಪು. ಕ್ಲಿಪ್ಪಿನ ಕೆಳಗೆ ಉಗುರಿನಷ್ಟು ಸೀಳು. ಸುತ್ತ ಬಿಳಿಯ ಉಪ್ಪು ಹೆಪ್ಪುಗಟ್ಟಿತ್ತು. ಸರಿಯಾಗಿ ಅದರ ಕೆಳಗೆ ಸೈಲೆನ್ಸರಿನ ಪೈಪು. ಓಡುವಾಗ ಒತ್ತಡಕ್ಕೆ ಸೀಳು ಬಿಡುತ್ತಿತ್ತು, ಹನಿ ಕಾದ ಪೈಪಿನ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿತ್ತು. ನೆಲಕ್ಕೆ ಬೀಳಲು ಏನೂ ಉಳಿಯುತ್ತಿರಲಿಲ್ಲ.

"ಕೂಲೆಂಟ್ ಸುಟ್ರೆ ಸಿಹಿ ವಾಸನೆ ಬರ್ತದೆ" ಅಂದಳು ಶಾಜಿಯಾ. "ನಿಮಗೆ ಯಾವತ್ತೂ ಬರ್ಲಿಲ್ವಾ?"

ಸರೋಜಮ್ಮ ಕುರ್ಚಿಯಿಂದ ಎದ್ದರು. "ಬಂತಮ್ಮ! ಒಂದು ತಿಂಗಳ ಹಿಂದೇನೇ ಬಂತು! ನಾನು ಹೇಳ್ದೆ! ನಮ್ಮ ಡ್ರೈವರ್ ಸಾಹೇಬ್ರು ಅದನ್ನ ಬೀಗಿತ್ತಿ ಹೋಳಿಗೆ ಮೇಲೆ ಹಾಕಿದ್ರು. ಹಿಟ್ಟಿನ ಕಳ್ಳತನ ಮಿಲ್ಲಿನೋನ ಮೇಲೆ, ನೀರಿನ ಕಳ್ಳತನ ಹೋಳಿಗೆ ಮೇಲೆ!"

"ಮಿಲ್ಲಿನೋನ ಮೇಲೆ ಹಾಕಿದ್ದು ನೀನು" ಅಂದರು ಚನ್ನಮಲ್ಲಯ್ಯನವರು. ಅಂದಮೇಲೆ, ಅನ್ನಬಾರದಿತ್ತು ಎಂದುಕೊಂಡರು.

ಶಫೀವುಲ್ಲಾ ಪೇಟೆಗೆ ಹೋಗಿ ಹೊಸ ಪೈಪು, ಎರಡು ಕ್ಲಿಪ್ಪು, ಹಸಿರು ಕೂಲೆಂಟಿನ ಕ್ಯಾನು ತಂದ. ಕೆಲಸ ಇಪ್ಪತ್ತು ನಿಮಿಷದ್ದು. ಮತ್ತೆ ಪಂಪು ಹೊಡೆದರು, ಹತ್ತು ನಿಮಿಷ ಕಾದರೂ ಮುಳ್ಳು ಕದಲಲಿಲ್ಲ. ಕೂಲೆಂಟ್ ತುಂಬಿ, ಮುಂದಿನ ಚಕ್ರಗಳನ್ನು ದಿಬ್ಬಕ್ಕೆ ಹತ್ತಿಸಿ, ಹೀಟರ್ ಹಾಕಿ, ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವ ತನಕ ಬಿಟ್ಟರು. ಫ್ಯಾನು ತಾನಾಗಿ ಒಂದು ಸಲ ತಿರುಗಿ ನಿಂತಿತು, ಇನ್ನೊಂದು ಸಲ ತಿರುಗಿ ನಿಂತಿತು. ಶಾಜಿಯಾ ಮುಚ್ಚಳ ಬಿಗಿದಳು.

"ಇನ್ನು ಇದಕ್ಕೆ ಏನೂ ತಿನ್ನಿಸ್ಬೇಡಿ ಅಂಕಲ್. ಹಸಿವಾದ್ರೆ ಅದೇ ಹೇಳ್ತದೆ."

*

ವಾಪಸ್ ದಾರಿಯಲ್ಲಿ ಮುಳ್ಳು ನಡುವೆ ಕೂತಿದ್ದು ಏಳಲಿಲ್ಲ. ಸರೋಜಮ್ಮ ಮಾತೂ ಆಡಲಿಲ್ಲ. ಬೈದಿದ್ದರೆ ಚನ್ನಮಲ್ಲಯ್ಯನವರಿಗೆ ದಾರಿ ಸಾಗುತ್ತಿತ್ತು. ದೂರದಲ್ಲಿ ಮಧುಗಿರಿಯ ಬಂಡೆ ಕಂಡು, ದೊಡ್ಡದಾಗುತ್ತಾ ಬಂದು, ಇಡೀ ಗಾಜು ತುಂಬಿತು.

"ಇಲ್ಲಿ ನಿಲ್ಸಿ."

ಚಿಕ್ಕರಂಗಯ್ಯನ ಫ್ಲೋರ್ ಮಿಲ್ಲು.

"ಎಲ್ಲೂ ನಿಲ್ಲಬಾರದು ಅಂತ ನೀನೇ..."

"ಅದ್ ಭಾನುವಾರದ ಮಾತು. ಇದು ಶುಕ್ರವಾರ." ಎಂಜಿನ್ ಆರಿಸಿದ್ದೇ ತಡ, ಸರೋಜಮ್ಮ ಕೈ ಚಾಚಿ ಕೀಯನ್ನು ಕಿತ್ತುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. "ನಾಲ್ಕು ಜನರ ಮುಂದೆ ಅಂದು ಬಂದಿದೀನಿ ಅವನನ್ನ. ನಾಲ್ಕು ಜನ ಇರೋವಾಗ್ಲೇ ಹೇಳಿ ಬನ್ನಿ. ಆಮೇಲೆ ಕೀ."

ಚನ್ನಮಲ್ಲಯ್ಯನವರು ಇಳಿದರು. ಎಣಿಸಿ ನೋಡಿದರು: ಹಿಟ್ಟಿಗೆ ಬಂದವರು ಐದು ಜನ ಇದ್ದರು. ಬಟ್ಟೆ, ಮೀಸೆ, ರೆಪ್ಪೆಯೆಲ್ಲ ಬೆಳ್ಳಗಾಗಿ ನಿಂತಿದ್ದ ಚಿಕ್ಕರಂಗಯ್ಯ, ಇವರನ್ನು ಕಂಡು ಮಿಷನ್ ನಿಲ್ಲಿಸಿದ. ಅವನು ಅದನ್ನು ನಿಲ್ಲಿಸಬಾರದಿತ್ತು. ಆ ಸದ್ದಿನಲ್ಲಿ ಹೇಳಿಬಿಡೋಣವೆಂದು ಇವರು ಎಣಿಸಿದ್ದರು.

"ಚಿಕ್ಕರಂಗಯ್ಯ, ಆ ಹಿಟ್ಟು ನೀನು ಹೊಡೀಲಿಲ್ಲ ಕಣಪ್ಪ. ನಾನೇ ತಗಂಡಿದ್ದೆ."

"ಅದು ನಂಗೂ ಗೊತ್ತು, ನಾನು ಹೊಡೀಲಿಲ್ಲ ಅಂತ. ನೀವ್ಯಾಕೆ ತಗಂಡ್ರಿ ಅಯ್ನೋರೆ?"

"ಕಾರಿಗೆ."

"ಕಾರಿಗೆ?"

"ರೇಡಿಯೇಟರಿಗೆ ಹಾಕ್ದೆ."

ಐದು ಜನರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಚಿಕ್ಕರಂಗಯ್ಯ ಮಾತ್ರ ನಗಲಿಲ್ಲ, ವ್ಯಾಪಾರದವನ ಗಾಂಭೀರ್ಯದಲ್ಲಿ ಕೇಳಿದ. "ಎಷ್ಟು ಹಾಕಿದ್ರಿ?"

"ಮೂರು ಪಾವು."

"ಅಮ್ನೋರು ಒಂದು ಸೇರು ಅಂದಿದ್ರಲ್ಲ? ಸೇರಿಗೆ ನಾಲ್ಕು ಪಾವು. ಮಿಕ್ಕಿದ್ದೊಂದು ಪಾವು ಯಾರ ಲೆಕ್ಕಕ್ಕೆ ಬರ್ಕೊಳ್ಳಾನ? ನನ್ನ ಲೆಕ್ಕಕ್ಕಾ?"

ಚನ್ನಮಲ್ಲಯ್ಯನವರು ಕಾರಿನ ಕಡೆ ತಿರುಗಿದರು. ತಿರುಗುವ ಮೊದಲೇ ಒಳಗಿನಿಂದ ಟಕ್ಕೆಂದು ಶಬ್ದ ಬಂದಿತ್ತು. ಸ್ಟಿಯರಿಂಗಿನ ಪಕ್ಕದ ಖಾನೆ, "ಅದರಲ್ಲಿ ಗಾಡಿ ಪೇಪರ್ ಇದೆ, ಮುಟ್ಬೇಡ" ಎಂದು ತಿಂಗಳಿಂದ ಹೇಳುತ್ತಾ ಬಂದಿದ್ದ ಖಾನೆ. ಕಿಟಕಿಯಿಂದ ಸರೋಜಮ್ಮನ ಬಳೆಯ ಕೈ ಹೊರಬಂತು. ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ರಾಗಿಹಿಟ್ಟು.

"ಇಲ್ಲಿದೆ ಕಣಪ್ಪ ಚಿಕ್ಕರಂಗಯ್ಯ, ನಿನ್ನ ಪಾವು. ಸ್ಟೆಪ್ನಿ ಇಟ್ಕೊಂಡವ್ರೆ."

ಆಗ ಚಿಕ್ಕರಂಗಯ್ಯ ನಕ್ಕ. ಮೀಸೆಯಿಂದ ಹಿಟ್ಟು ಉದುರುವ ಹಾಗೆ ನಕ್ಕ. ನಕ್ಕು ಮುಗಿದ ಮೇಲೆ ಸರೋಜಮ್ಮ ತಾವೂ ಇಳಿದು ಬಂದು, ಅದೇ ಐದು ಜನರ ಮುಂದೆ, "ನಂದೂ ತಪ್ಪಾಯ್ತಪ್ಪ. ಸೋಮವಾರ ಹತ್ತು ಸೇರು ಕಳಿಸ್ತೀನಿ" ಅಂದರು.

"ಮನೇಗಾ, ಕಾರಿಗಾ? ಕಾರಿಗಾದ್ರೆ ನುಣ್ಣಗೆ ಬೀಸ್ತೀನಿ ಅಮ್ನೋರೆ, ಗಂಟು ಕಟ್ಟಲ್ಲ."

ಸರೋಜಮ್ಮ ಸೆರಗಿನ ಗಂಟು ಬಿಚ್ಚಿ ಕೀಯನ್ನು ಗಂಡನ ಕೈಗೆ ಹಾಕಿದರು. ಲೋಹಿತಾಗೆ ಏನು ಹೇಳಬೇಕೆಂದು ಭಾನುವಾರ ತೀರ್ಮಾನಿಸೋಣ ಅಂದರು.

ಭಾನುವಾರ ಎಂಟಕ್ಕೆ ಮಧುಗಿರಿ ಬಿಟ್ಟ ಕಾರು ಮಿಡಿಗೇಶಿಯಲ್ಲಿ ನಿಲ್ಲಲಿಲ್ಲ, ಪಾವಗಡದಲ್ಲಿ ನಿಲ್ಲಲಿಲ್ಲ. ಕಪ್ಪು ಕೆರೆಗಳ ಹಾಗೆ ಮೈಚಾಚಿ ಮಲಗಿದ್ದ ಸೋಲಾರ್ ಫಲಕಗಳ ನಡುವಿನ ದಾರಿಯಲ್ಲಿ ಹೋಗಿ ರಾಯಚರ್ಲಿನ ಹೊಸ ಮನೆಯ ಮುಂದೆ ನಿಂತಿತು. ಏಳು ಬಾಟಲಿ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು. ಸರೋಜಮ್ಮನ ತಂಗಿ ಹೊರಗೆ ಬಂದು, "ಭಾವ, ಗಾಡಿ ಏನೋ ತಕರಾರು ಅಂತಿದ್ರು?" ಎಂದು ಕೇಳಿದಳು.

"ನೋಡಮ್ಮ, ಮೂವತ್ತೊಂದು ವರ್ಷ..." ಎಂದು ಶುರು ಮಾಡಿದರು ಚನ್ನಮಲ್ಲಯ್ಯನವರು. ಹಿಂದಿನಿಂದ ಸರೋಜಮ್ಮ ಒಂದು ಸಲ ಕೆಮ್ಮಿದರು. ಅವರು ಮಾತು ಅಲ್ಲಿಗೇ ಬಿಟ್ಟು ಪೂಜೆಯ ಚೀಲ ಎತ್ತಿಕೊಂಡು ಒಳಗೆ ಹೋದರು.

ಹತ್ತೂವರೆಗೆ ಹೊಸ ಒಲೆಯ ಮೇಲೆ ಹಾಲಿಟ್ಟರು. ಮನೆಯವರೆಲ್ಲ ಸುತ್ತ ನಿಂತು ಕಾದರು. ಹಾಲು ಸುಮ್ಮನಿತ್ತು. ಹತ್ತು ಮೂವತ್ತೈದಾಯಿತು. "ಉರಿ ಸಾಲದೇನೋ" ಎಂದು ಯಾರೋ ಗೊಣಗಿದರು.

"ಗಾಬರಿ ಬೇಡ" ಎಂದು ಸರೋಜಮ್ಮ ತಂಗಿಯ ಭುಜ ತಟ್ಟಿದರು. "ಅಯ್ನೋರು ಪಕ್ಕದಲ್ಲೇ ನಿಂತವ್ರೆ. ಉಕ್ಕಿಸೋ ಕೆಲಸದಲ್ಲಿ ಮಾತ್ರ ಅವರದು ಎತ್ತಿದ ಕೈ."

ಹಾಲು ಉಕ್ಕಿತು. ಚನ್ನಮಲ್ಲಯ್ಯನವರು ಮಂತ್ರ ತಪ್ಪದ ಹಾಗೆ ನೋಡಿಕೊಂಡು, ಎಡಗೈಯಲ್ಲಿ ಅಂಗಿಯ ಜೇಬನ್ನು ಮುಟ್ಟಿದರು. ಕೀ ಅಲ್ಲೇ ಇತ್ತು.